ಅಕ್ಕನನ್ನು ಪಶುಪತಿಗೆ ಕರೆದೊಯ್ದ ವ್ಯಾನು

ದಾವಣಗೆರೆ

ಪೇಟೆಯಲ್ಲಿ ಸಿಕ್ಕವರೆಲ್ಲ ಕೇಳುತ್ತಾರೆ, ನೇಪಾಳಕ್ಕೆ ಹೋಗಿ ಬಂದ್ರಂತಲ್ಲ, ಹೆಂಗಿತ್ತು ಹೇಳ್ರಿ ಅಂತ. ಹಿಮದ ಬೆಟ್ಟ ಕಂಡಿತೇ, ಅಲ್ಲಿಯ ಜನ ಏನು ಉಣ್ಣುತ್ತಾರೆ, ವ್ಯಾನಿನಲ್ಲೇ ಮಲಗಿದ್ದು ನಿಜವೇ. ನಾನು ಎರಡು ಮಾತು ಹೇಳಿ ನಗಿಸಿ ಕಳಿಸುತ್ತೇನೆ. ಹಾಗೆ ನಗಿಸಿ ನಗಿಸಿ ಸಾಕಾಗಿದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಸುತ್ತಿಗೆ ಹಿಡಿದಷ್ಟು ಸಲೀಸಾಗಿ ಪೆನ್ನು ಹಿಡಿಯಲಾರೆ. ಆದರೆ ಈ ಪ್ರವಾಸವನ್ನು ಪೂರ್ತಿ ಹೇಳಬೇಕಾದರೆ ಪೇಟೆಯಲ್ಲಿ ನಿಂತು ಹೇಳಲು ಆಗುವುದಿಲ್ಲ, ಕೂತು ಬರೆಯಬೇಕು.

ನನ್ನ ಕಸುಬು ಲಾರಿಗೆ ಬಾಡಿ ಕಟ್ಟುವುದು. ಪಿ.ಬಿ. ರಸ್ತೆಯ ಪಕ್ಕ ಒಂದು ತಗಡಿನ ಶೆಡ್ಡು ಇದೆ. ಹತ್ತಿ ಅಂಡಿಗೆ ಹೊರುವ ಲಾರಿಗಳಿಗೆ ಅಲ್ಲಿ ಮರದ ಮೈ ಕಟ್ಟಿಕೊಡುತ್ತೇನೆ. ನಮ್ಮದು ಮಲೆಬೆನ್ನೂರು ಕಡೆಯ ಒಕ್ಕಲು ಮನೆತನ. ಅವ್ವ ತೀರಿಕೊಂಡಾಗ ನಾನಿನ್ನೂ ತೊಡೆಯ ಮೇಲಿನ ಕೂಸು. ಗಂಡ ಸತ್ತು ತವರಿಗೆ ಬಂದಿದ್ದ ಗೌರಕ್ಕ ನನ್ನನ್ನು ಸಾಕಿದಳು. ಆಮೇಲೆ ನನ್ನ ಜೊತೆ ದಾವಣಗೆರೆಗೆ ಬಂದಳು, ನನ್ನ ಮದುವೆ ಮಾಡಿದಳು, ನನ್ನ ಮಕ್ಕಳನ್ನೂ ಎತ್ತಿ ಆಡಿಸಿದಳು. ಇಷ್ಟರಲ್ಲಿ ಅವಳು ತನಗೆ ಅಂತ ಕೇಳಿದ್ದು ಒಂದೇ. ಮಠಕ್ಕೆ ಬಂದಿದ್ದ ಯಾರೋ ಯಾತ್ರಿಕರು ನೇಪಾಳದ ಪಶುಪತಿಯ ವಿಷಯ ಹೇಳಿ ಹೋಗಿದ್ದರು. ಒಂದು ದಿನ ರೊಟ್ಟಿ ತಟ್ಟುತ್ತಾ ಅಂದಳು, "ರುದ್ರಾ, ಕಾಲು ಗಟ್ಟಿ ಇರೋದ್ರಾಗ ಅವನ್ನ ಒಂದ್ಸಲ ನೋಡ್ಬೇಕು."

ಅದೇನು ಸುಲಭವಿರಲಿಲ್ಲ. ಅಕ್ಕನಿಗೆ ಸಣ್ಣವಳಿದ್ದಾಗಲೇ ಲಿಂಗದೀಕ್ಷೆ ಆಗಿದೆ. ಅಂದಿನಿಂದ ಬೆಳಗ್ಗೆ ಮೈ ತೊಳೆದು, ಮಡಿ ಸೀರೆ ಉಟ್ಟು, ಕೊರಳಿನ ಕರಡಿಗೆಯಿಂದ ಇಷ್ಟಲಿಂಗ ತೆಗೆದು, ಎಡಗೈ ಮೇಲಿಟ್ಟು ಪೂಜೆ ಮಾಡದೆ ಒಂದು ಗುಟುಕು ನೀರೂ ಕುಡಿದವಳಲ್ಲ. ಜ್ವರ ಬಂದಾಗಲೂ ಇಲ್ಲ, ಗಂಡ ಸತ್ತ ದಿನವೂ ಇಲ್ಲ. ಪರರು ಬೇಯಿಸಿದ್ದನ್ನು ಉಣ್ಣುವುದಿಲ್ಲ.

"ರೈಲಿನಾಗ ಮೈ ತೊಳಿಯೋದು ಹೆಂಗೆ?" ಅಂದಳು.

"ಹಂಗಾದ್ರೆ ಬಚ್ಚಲನ್ನೇ ಹೊತ್ಕೊಂಡು ಹೋಗಾನ ಬಿಡು."

ನಾನು ತಮಾಷೆಗೆ ಅಂದದ್ದು. ಅವಳು ಕೈಯಲ್ಲಿದ್ದ ಹಿಟ್ಟು ಒರೆಸಿಕೊಂಡು, "ಲಾರಿ ಕಟ್ಟೋನು ನೀನು. ಹೆಂಗೆ ಹೊರ್ತಿ ನಿನಗೇ ಗೊತ್ತು" ಅಂದಳು. ಅಲ್ಲಿಗೆ ತಮಾಷೆ ಮುಗಿಯಿತು.

ದೂರದ ಊರಿನ ಆಸ್ಪತ್ರೆಯೊಂದು ಹರಾಜಿಗಿಟ್ಟಿದ್ದ ಹಳೆಯ ಆಂಬುಲೆನ್ಸ್ ವ್ಯಾನು ಸಿಕ್ಕಿತು. ಕಮಾನು ಗಾಡಿಗಿಂತ ತುಸು ಉದ್ದ, ಅಷ್ಟೆ. ಒಳಗೆ ನಿಂತರೆ ತಲೆ ತಾಗುತ್ತದೆ, ಕೂತರೆ ಮೊಣಕಾಲು ತಾಗುತ್ತದೆ. ಬಾಗಿಲ ಮೇಲಿನ ಕೆಂಪು ಗುರುತಿನ ಮೇಲೆ ಹಸಿರು ಬಣ್ಣ ಬಳಿದೆ. ಬಿಸಿಲು ಬಿದ್ದರೆ ಕೆಂಪು ಮತ್ತೆ ಕಾಣುತ್ತಿತ್ತು. ಮತ್ತೊಮ್ಮೆ ಬಳಿದೆ. ಮತ್ತೂ ಕಂಡಿತು. ಬಿಟ್ಟೆ.

ರೋಗಿಯನ್ನು ಮಲಗಿಸುತ್ತಿದ್ದ ಜಾಗದಲ್ಲಿ ಒಂದು ಬದಿಗೆ ಅಕ್ಕನಿಗೆ ಹಲಗೆಯ ಮಂಚ ಹಾಕಿದೆ. ಅದರ ಕೆಳಗೆ, ಮಂಚದಷ್ಟೇ ಉದ್ದಕ್ಕೆ, ತಗಡಿನ ನೀರಿನ ತೊಟ್ಟಿ. ಒಂದೊಂದು ಅಂಚನ್ನೂ ಮಡಚಿ, ರಿವೆಟ್ಟು ಹೊಡೆದು, ಮೇಲೆ ಬೆಸುಗೆ ಹಾಕಿದ್ದು ನಾನೇ. ಹಿಂದಕ್ಕೆ ಒಂದು ಹಿತ್ತಾಳೆ ನಲ್ಲಿ. ತೊಳೆಯಲು ಅನುಕೂಲವಾಗಲಿ ಅಂತ ತೊಟ್ಟಿಯ ತಳಕ್ಕೆ ವ್ಯಾನಿನ ಅಡಿಯಿಂದ ಬಿಚ್ಚುವಂಥ ಒಂದು ತಿರುಪಿನ ಬಿರಡೆ. ಇನ್ನೊಂದು ಬದಿಗೆ ಸೀಮೆಎಣ್ಣೆ ಸ್ಟೋವು ಕೂರುವ ಪೆಟ್ಟಿಗೆ, ಜೋಳದ ಹಿಟ್ಟಿನ ಡಬ್ಬಿ, ಪೂಜೆಯ ಸಾಮಾನಿಗೆ ಒಂದು ಗೂಡು. ಹಿಂದಿನ ಎರಡೂ ಬಾಗಿಲು ತೆರೆದು ನಿಲ್ಲಿಸಿ ಮಧ್ಯೆ ಗೋಣಿಯ ಪರದೆ ಕಟ್ಟಿದರೆ ಅದೇ ಬಚ್ಚಲು. ನೆಲಕ್ಕೆ ಸಂದಿ ಬಿಟ್ಟ ಹಲಗೆ. ನಾನು ಮಲಗುವುದು ಮುಂದಿನ ಸೀಟಿನಲ್ಲಿ, ಕಾಲು ಮಡಚಿಕೊಂಡು.

ಮುಗಿದ ಮೇಲೆ ಅಕ್ಕ ಸುತ್ತಲೂ ಒಮ್ಮೆ ಬಂದು ನೋಡಿದಳು. ನಲ್ಲಿ ತಿರುಗಿಸಿದಳು, ನಿಲ್ಲಿಸಿದಳು. "ಚಂದ ಮಾಡೀಯ" ಅಂದಳು. ಶೆಡ್ಡಿನ ಕೆಲಸಗಾರರ ಮುಂದೆ ನನಗೆ ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು.

ಹರಿಹರ

ನೇರ ನೇಪಾಳಕ್ಕೆ ಹೊರಡುವ ಧೈರ್ಯ ಇರಲಿಲ್ಲ. ಒಂದು ರಾತ್ರಿ ಹರಿಹರದ ಹೊಳೆದಂಡೆಯಲ್ಲಿ ಕಳೆದು ನೋಡೋಣ ಅಂತ ಹೋದೆವು. ನೋಡಿದ್ದು ಒಳ್ಳೆಯದಾಯಿತು. ಸೇತುವೆಯ ಹತ್ತಿರದ ಹಳ್ಳ ಇಳಿದು ಹತ್ತುವಾಗ ಸ್ಟೋವು ಹಾರಿ ಹಿಟ್ಟಿನ ಡಬ್ಬಿಯ ಮೇಲೆ ಬಿತ್ತು. ಆ ರಾತ್ರಿ ಉಂಡ ರೊಟ್ಟಿಗೆ ಸೀಮೆಎಣ್ಣೆಯ ವಾಸನೆ. ಬೆಳಗ್ಗೆ ಪರದೆ ಕಟ್ಟಿ ಅಕ್ಕ ಸ್ನಾನಕ್ಕೆ ನಿಂತಳು. ನಾನು ಹೊಳೆ ಕಡೆ ಮುಖ ಮಾಡಿ ಕಾವಲು ನಿಂತೆ. ಎಲ್ಲಿಂದಲೋ ಬಂದ ಎಮ್ಮೆಯೊಂದು ಗೋಣಿಯ ಅಂಚು ಹಿಡಿದು ತಿನ್ನತೊಡಗಿತು.

"ರುದ್ರಾ, ಯಾರದು ಪರದೆ ಜಗ್ಗೋದು?"

"ಎಮ್ಮೆ ಕಣಕ್ಕ."

"ಎಮ್ಮೆಯಾದ್ರೆ ಇರ್ಲಿ ಬಿಡು. ನೀನು ಈ ಕಡೆ ತಿರುಗಬ್ಯಾಡ."

ಸ್ಟೋವಿಗೆ ಸುತ್ತಲೂ ತಗಡಿನ ಕಟ್ಟೆ ಕಟ್ಟಿದೆ. ಪರದೆಯ ಕೆಳಗೆ ಕಬ್ಬಿಣದ ಸರಳು ಹಾಕಿದೆ. ಹೊರಡುವ ದಿನ ಮತ್ತೆ ಹರಿಹರಕ್ಕೇ ಬಂದು ತೊಟ್ಟಿ ತುಂಬಿಸಿದೆವು. ಅಕ್ಕ ಹೊಳೆಯ ಮೆಟ್ಟಿಲ ಮೇಲೆ ಕಣ್ಣು ಮುಚ್ಚಿ ನಿಂತಿದ್ದಳು. ವ್ಯಾನು ಹತ್ತಿದ ಮೇಲೆ ಹೇಳಿದಳು, "ಬೇಡಿಕೊಂಡೀನಿ. ಅವನ ಬಾಗಿಲು ಮುಟ್ಟೋ ತನಕ ಒಂದು ದಿನಾನೂ ನೇಮ ತಪ್ಪಲ್ಲ. ತಪ್ಪಿದ್ರೆ ಒಳಗೆ ಕಾಲಿಡಲ್ಲ."

"ಯಾಕ ಅಂಥಾ ಮಾತು ಆಡ್ತೀಯ?"

"ತಪ್ಪಾಕೆ ನೀರೇನು ಕಡಿಮೆ ಐತೇನು?" ಅಂದು ಮಂಚದ ಕೆಳಗಿನ ತಗಡನ್ನು ಬೆರಳಲ್ಲಿ ತಟ್ಟಿದಳು. ತುಂಬಿದ ತೊಟ್ಟಿ ದಪ್ಪಗೆ ಸದ್ದು ಮಾಡಿತು.

ನರ್ಮದೆಯ ಆಚೆ ಈಚೆ

ದಾರಿ ಯಾವುದು, ಯಾವ ಊರು ಬಂತು ಅನ್ನುವುದನ್ನು ಬರೆಯುವುದಿಲ್ಲ. ಎಲ್ಲ ಊರೂ ಒಂದೇ ಧೂಳು. ವ್ಯಾನು ನಿಂತ ಕಡೆ ಜನ ಸೇರುತ್ತಿದ್ದರು. ನಮ್ಮ ಪೇಟೆಯ ಮುರುಕು ಉರ್ದುವಿನಲ್ಲಿ ನಾನು ಮಾತಾಡುತ್ತಿದ್ದೆ. ಕೆಂಪು ಗುರುತು ನೋಡಿ ಮೊದಲು ಕೇಳುತ್ತಿದ್ದ ಪ್ರಶ್ನೆ, ರೋಗಿ ಎಲ್ಲಿ. ರೋಗಿ ಇಲ್ಲ ಅಂದರೆ ಒಳಗೆ ಇಣುಕಿ ಅಕ್ಕನನ್ನು ನೋಡಿ ಮರುಗುತ್ತಿದ್ದರು. ಒಂದು ಹಳ್ಳಿಯಲ್ಲಿ ಹೊಟ್ಟೆನೋವಿನ ಮುದುಕನನ್ನು ಮಂಚ ಸಮೇತ ಹೊತ್ತು ತಂದು ಮುಂದಿಟ್ಟರು. ಹೇಳಿದರೆ ಕೇಳಲಿಲ್ಲ. ಅಕ್ಕ ಕೊನೆಗೆ ಓಮದ ಕಾಳು ಅರೆದು ಬಿಸಿನೀರಿನಲ್ಲಿ ಕುಡಿಸಿದಳು. ಮುದುಕ ಎದ್ದು ಕೂತು, ಈ ಡಾಕ್ಟರಮ್ಮ ಯಾವ ಊರಿನವರು ಅಂತ ಕೇಳಿದ.

ಇಂಥವು ಹೇಳಲು ಚೆನ್ನಾಗಿವೆ. ಪೇಟೆಯಲ್ಲಿ ನಿಂತು ನಾನು ಹೇಳುವುದು ಇವನ್ನೇ. ಹೇಳದೆ ಬಿಡುವುದು ಸಂಜೆಗಳನ್ನು.

ಹಗಲೆಲ್ಲ ಸ್ಟೇರಿಂಗ್ ಹಿಡಿದು ಭುಜ ಕಲ್ಲಾಗಿರುತ್ತಿತ್ತು. ವ್ಯಾನು ನಿಲ್ಲಿಸಿದ ಕೂಡಲೇ ನೀರು ಹುಡುಕಬೇಕು. ಎಲ್ಲಿಯೋ ಬಾವಿ, ಎಲ್ಲಿಯೋ ಕೈಪಂಪು. ಹಗ್ಗ ಬಿಡಬೇಕು, ಕೊಡ ಎತ್ತಬೇಕು, ಬಟ್ಟೆ ಕಟ್ಟಿ ಸೋಸಿ ತೊಟ್ಟಿಗೆ ಸುರಿಯಬೇಕು. ಮತ್ತೆ ಬಾವಿಗೆ. ಕೆಲವು ಕಡೆ ಹಗ್ಗ ಕೊಡುವ ಮೊದಲು ಜಾತಿ ಕೇಳಿದರು. ನಾನು ಹೇಳಿದ ಜಾತಿಯ ಹೆಸರನ್ನು ಆ ಕಡೆ ಯಾರೂ ಕೇಳಿರಲಿಲ್ಲ. ಅವರು ತಮ್ಮತಮ್ಮಲ್ಲೇ ಚರ್ಚೆ ಮಾಡುವ ತನಕ ನಾನು ಖಾಲಿ ಕೊಡ ಹಿಡಿದು ನಿಲ್ಲಬೇಕು. ಅಷ್ಟೂ ನೀರು ಬೆಳಗ್ಗೆ ಸಂದಿಯ ಹಲಗೆಯಿಂದ ರಸ್ತೆಗೆ ಹರಿದು ಹೋಗುತ್ತಿತ್ತು. ಸಂಜೆ ಮತ್ತೆ ಬಾವಿ.

ಅಕ್ಕ ನೋಡುತ್ತಿದ್ದಳು. "ನಾನೂ ಎರಡು ಕೊಡ ತರ್ತೀನಿ" ಅನ್ನುತ್ತಿದ್ದಳು. "ಬ್ಯಾಡ, ಕೂಡ್ರು" ಅನ್ನುತ್ತಿದ್ದೆ. ಆ 'ಬ್ಯಾಡ' ದಿನದಿಂದ ದಿನಕ್ಕೆ ಗಡುಸಾಯಿತು. ಅವಳು ಕೇಳುವುದನ್ನು ಬಿಟ್ಟಳು. ಆಮೇಲಾಮೇಲೆ ಸ್ನಾನಕ್ಕೆ ನೀರು ಕಡಿಮೆ ಬಳಸತೊಡಗಿದಳು. ಅದು ನನಗೆ ತಿಳಿದಿತ್ತು. ತಿಳಿದೂ ಸುಮ್ಮನಿದ್ದೆ.

ಬೀರ್ಗಂಜ್

ನಮ್ಮ ಕಡೆಯ ಕೊನೆಯ ಊರು ರಕ್ಸೌಲ್, ಅದನ್ನು ದಾಟಿದರೆ ನೇಪಾಳದ ಬೀರ್ಗಂಜ್. ಪರದೇಶ ಅಂದರೆ ಸಮುದ್ರ ದಾಟಬೇಕು, ಬೇರೆ ಬಣ್ಣದ ಜನ ಇರಬೇಕು ಅಂತ ನನ್ನ ತಲೆಯಲ್ಲಿತ್ತು. ಇಲ್ಲಿ ಎತ್ತಿನ ಗಾಡಿಗಳು ಆ ದೇಶದಿಂದ ಈ ದೇಶಕ್ಕೆ ಹುಲ್ಲು ಹೇರಿಕೊಂಡು ಹೋಗುತ್ತಿದ್ದವು. ಅಲ್ಲಿಯ ಗಡಿಯಾರ ಮಾತ್ರ ನಮ್ಮದಕ್ಕಿಂತ ಹತ್ತು ನಿಮಿಷ ಮುಂದಿತ್ತು. "ಹತ್ತು ನಿಮಿಷದಾಗ ಪರದೇಶ ಬಂತು ನೋಡು" ಅಂದಳು ಅಕ್ಕ. ಗಡಿಯ ಸಿಪಾಯಿ ವ್ಯಾನಿನ ಒಳಗೆಲ್ಲ ನೋಡಿ, ತೊಟ್ಟಿ ತಟ್ಟಿ, ಇದರಲ್ಲಿ ಏನಿದೆ ಅಂತ ಕೇಳಿದ. ನೀರು ಅಂದೆ. ಅವನು ತಮ್ಮ ದೇಶದ ಬೆಟ್ಟಗಳ ಕಡೆ ಕೈ ತೋರಿಸಿ ನಕ್ಕ. ಅಲ್ಲಿ ನೀರಿಗೇನು ಬರ, ನೀರು ಹೊತ್ತು ತಂದಿದ್ದೀರಲ್ಲ ಅನ್ನುವಂತೆ. ಆ ನಗು ನನ್ನೊಳಗೆ ಕೂತುಬಿಟ್ಟಿತು.

ಘಾಟಿ

ಕಾಠ್ಮಂಡುವಿಗೆ ಹೋಗುವ ರಸ್ತೆ ಹೊಸದು. ಆದರೆ ರಸ್ತೆ ಅನ್ನುವುದಕ್ಕಿಂತ ಬೆಟ್ಟಕ್ಕೆ ಸುತ್ತಿದ ದಾರ ಅನ್ನಬೇಕು. ಒಂದು ತಿರುವಿನಲ್ಲಿ ಕೆಳಗೆ ನೋಡಿದರೆ ಆಗಲೇ ದಾಟಿಬಂದ ತಿರುವುಗಳು ಒಂದರ ಕೆಳಗೊಂದು ಕಾಣುತ್ತವೆ. ಹೊರೆಯವರು ಬುಟ್ಟಿಯ ಪಟ್ಟಿಯನ್ನು ಹಣೆಗೆ ಕಟ್ಟಿಕೊಂಡು, ಕತ್ತು ಬಗ್ಗಿಸಿ ಹತ್ತುತ್ತಾರೆ. ನಮ್ಮ ಪೇಟೆಯ ಹಮಾಲರು ಬೆನ್ನಿನಲ್ಲಿ ಹೊರುತ್ತಾರೆ, ಇವರು ತಲೆಬುರುಡೆಯಲ್ಲಿ. ನನ್ನ ವ್ಯಾನಿಗಿಂತ ಅವರೇ ಬೇಗ ಹೋಗುತ್ತಿದ್ದರು.

ಏರು ಶುರುವಾಗುವ ಜಾಗದಲ್ಲಿ, ಒಂದು ಹೊಳೆಯ ಪಕ್ಕ ನಿಲ್ಲಿಸಿದೆವು. ತೊಟ್ಟಿ ತುಂಬಿಸಿ ಆಗಿತ್ತು. ಅಕ್ಕ ಹಸಿರು ಸೊಪ್ಪು ಕೊಳ್ಳಲು ಅಂಗಡಿಯ ಕಡೆ ಹೋದಳು. ನಾನು ಟೈರು ನೋಡಲು ಬಗ್ಗಿದವನು ವ್ಯಾನಿನ ಅಡಿಗೆ ತೂರಿದೆ. ತಳದ ಬಿರಡೆಯನ್ನು ಬಿಚ್ಚಿದೆ.

ಇಷ್ಟು ಭಾರ ಹೊತ್ತು ಇಂಜಿನ್ನು ಹತ್ತುವುದಿಲ್ಲ ಅಂತ ಆಗ ನನಗೆ ನಾನೇ ಹೇಳಿಕೊಂಡೆ. ಅದು ನಿಜವಲ್ಲ. ಸಣ್ಣ ಗೇರಿನಲ್ಲಿ ನಿಧಾನಕ್ಕೆ ಹತ್ತುತ್ತಿತ್ತು, ಕಸುಬು ಮಾಡುವವನಿಗೆ ಅಷ್ಟು ತಿಳಿಯುತ್ತದೆ. ನನಗೆ ಆ ನೀರು ಸಾಕಾಗಿತ್ತು. ಒಂದು ಸಂಜೆ, ಒಂದೇ ಒಂದು ಸಂಜೆ, ಯಾರೂ ನನ್ನಿಂದ ನೀರು ಕೇಳದಿರಲಿ ಅನ್ನಿಸಿತ್ತು. ಮೇಲೆ ಎಲ್ಲಿಯಾದರೂ ಝರಿ ಇದ್ದೇ ಇರುತ್ತದೆ, ಅಲ್ಲೇ ಮೈ ತೊಳೆಯಲಿ, ಗಡಿಯ ಸಿಪಾಯಿ ನಕ್ಕನಲ್ಲ ಅಂದುಕೊಂಡೆ. ಕೆಂಪು ಮಣ್ಣಿನ ಮೇಲೆ ನೀರು ಹರಿದು ಹೊಳೆ ಸೇರಿತು. ಅಂಗಾತ ಮಲಗಿ ಅದು ಖಾಲಿಯಾಗುವ ತನಕ ನೋಡಿ, ಬಿರಡೆ ಮತ್ತೆ ಬಿಗಿದೆ. ಆಹಾ ಅನ್ನಿಸಿತು. ಅದನ್ನೂ ಬರೆಯಬೇಕು.

ಬೆಟ್ಟದ ನೆತ್ತಿ

ನೆತ್ತಿ ಮುಟ್ಟುವ ಹೊತ್ತಿಗೆ ಮಂಜು ಇಳಿಯಿತು. ವ್ಯಾನಿನ ಮೂತಿಯೇ ಕಾಣದಷ್ಟು. ಒಂದು ಚಹಾ ಗುಡಿಸಲಿನ ಪಕ್ಕ ನಿಲ್ಲಿಸಿ, ಉಳಿದಿದ್ದ ರೊಟ್ಟಿ ತಿಂದು ಮಲಗಿದೆವು. ಬೆಳಗ್ಗೆಯೂ ಮಂಜು ಹಾಗೇ ಇತ್ತು. ಪರದೆ ಕಟ್ಟಿಕೊಟ್ಟೆ. ಅಕ್ಕ ನಲ್ಲಿ ತಿರುಗಿಸಿದಳು. ಮತ್ತೆ ತಿರುಗಿಸಿದಳು.

"ರುದ್ರಾ, ನೀರು ಬರ್ತಿಲ್ಲ."

ನಾನು ಬಗ್ಗಿ, ತೊಟ್ಟಿಗೆ ಕಿವಿ ಇಟ್ಟು, ನೋಡಿದ ಹಾಗೆ ಮಾಡಿದೆ. "ಬೆಸುಗೆ ಬಿಟ್ಟೈತಕ್ಕ. ದಾರಿಯಾಗ ಕುಲುಕಾಟಕ್ಕೆ ಒಡೆದು ಎಲ್ಲಾ ಸೋರಿ ಹೋಗೈತೆ."

ನಾನು ಬಕೆಟ್ಟು ಹಿಡಿದು ನೀರು ಹುಡುಕಿ ಹೊರಟೆ. ನೆತ್ತಿಯ ಮೇಲೆ ಝರಿ ಇರಲಿಲ್ಲ. ಚಹಾದವಳು ಕೈ ಸನ್ನೆಯಲ್ಲಿ ಹೇಳಿದಳು, ನೀರು ಕಣಿವೆಯ ಕೆಳಗಿದೆ, ಈ ಮಂಜಿನಲ್ಲಿ ಇಳಿದರೆ ನೀನೂ ಅಲ್ಲೇ ಇರುತ್ತೀ. ತಾನು ಹೊತ್ತು ತಂದಿಟ್ಟುಕೊಂಡಿದ್ದರಲ್ಲಿ ಒಂದು ತಂಬಿಗೆ ಕೊಟ್ಟಳು. ಅದು ಸ್ನಾನಕ್ಕೆ ಎಲ್ಲಿ ಸಾಲುತ್ತದೆ. ಅಕ್ಕ ತಂಬಿಗೆಯನ್ನು ಹಾಗೇ ವಾಪಸು ಕೊಟ್ಟು ಮಂಚದ ಮೇಲೆ ಕೂತಳು.

"ವಿಭೂತಿ ಹಚ್ಕೊಂಡು ಪೂಜೆ ಮಾಡಕ್ಕ. ಕಾಯಿಲೆಯವರು ಹಂಗೇ ಮಾಡ್ತಾರಂತ ಸ್ವಾಮಿಗಳು ಹೇಳಲ್ವೇನು?"

"ನಾನೇನು ಕಾಯಿಲೆಯೋಳಾ?"

ಮಧ್ಯಾಹ್ನ ಆಯಿತು. ಚಳಿಗೆ ಅವಳ ತುಟಿ ಬಿಳುಚಿತು. ಎದ್ದು ನಿಲ್ಲಲು ಹೋಗಿ ಬಾಗಿಲು ಹಿಡಿದುಕೊಂಡಳು, ಆಮೇಲೆ ಜಾರಿ ಮೆಟ್ಟಿಲ ಮೇಲೆ ಕುಸಿದಳು. ಚಹಾದವಳು ನನ್ನನ್ನು ಏನೋ ಬೈದು, ಅಕ್ಕನ ಪಕ್ಕ ಕೂತು, ಅವಳ ಕೈ ಹಿಡಿದು ಉಜ್ಜಿ, ಬಿಸಿ ಚಹಾದ ಲೋಟವನ್ನು ಬಾಯಿಗೇ ಹಿಡಿದಳು. ಅಂಗೈಗೆ ಒಂದು ಹಿಡಿ ಅವಲಕ್ಕಿ ಹಾಕಿದಳು. ನಮ್ಮೂರಿನ ಅವಲಕ್ಕಿಯಂಥದ್ದೇ, ಸ್ವಲ್ಪ ದಪ್ಪ. ಅಕ್ಕ ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ತಿಂದಳು.

ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ. ಆಗ ಹೇಳಬಹುದಿತ್ತು.

ಸಂಜೆ ಮಂಜು ಸರಿದು, ಹಿಮದ ಬೆಟ್ಟಗಳ ಸಾಲು ಎದುರಿಗೇ ಕಂಡಿತು. ಎಲ್ಲರೂ ಕೇಳುತ್ತಾರಲ್ಲ, ಆ ಬೆಟ್ಟ. ನೋಡು ಅಕ್ಕ ಅಂದೆ. ಅವಳು ನೋಡಿದಳು. "ಅವನಿಗೆ ನಾನು ಬರೋದು ಬ್ಯಾಡಾಗಿತ್ತೇನೋ. ತೊಟ್ಟಿ ಅದಕ್ಕೇ ಒಡೀತು" ಅಂದಳು.

ಪಶುಪತಿ

ಕಾಠ್ಮಂಡು ಮರದ ಊರು. ಕಿಟಕಿ, ಬಾಗಿಲು, ಜಂತಿ, ಎಲ್ಲದರ ಮೇಲೂ ಕೆತ್ತನೆ. ನನ್ನ ಕಸುಬಿನವನಿಗೆ ಅದೊಂದು ಹಬ್ಬ ಆಗಬೇಕಿತ್ತು. ಬೀದಿಯ ಕೆಳಗೆ ಮೆಟ್ಟಿಲು ಇಳಿದರೆ ಕಲ್ಲಿನ ಬಾಯಿಗಳಿಂದ ನೀರು ಬೀಳುತ್ತಿರುತ್ತದೆ. ಹೆಂಗಸರು ಎದೆಗೆ ಬಟ್ಟೆ ಕಟ್ಟಿಕೊಂಡು ಅಲ್ಲೇ ಮೀಯುತ್ತಾರೆ, ಜಗಳ ಆಡುತ್ತಾರೆ, ಒಬ್ಬರ ತಲೆ ಇನ್ನೊಬ್ಬರು ಉಜ್ಜುತ್ತಾರೆ. ಅಕ್ಕ ಅವರ ನಡುವೆ ಸೀರೆ ಸಮೇತ ನಿಂತು ಮೈ ತೊಳೆದು ಪೂಜೆ ಮಾಡಿದಳು. ತೊಟ್ಟಿ ರಿಪೇರಿ ಮಾಡು ಅಂದಾಗ, ಬೆಸುಗೆಯ ತವರ ಇಲ್ಲಿ ಸಿಗುವುದಿಲ್ಲ ಅಂದೆ. ಬೀದಿ ತುಂಬ ತಾಮ್ರ ಬಡಿಯುವ ಸದ್ದು ಕೇಳುತ್ತಿತ್ತು.

ದೇವಸ್ಥಾನಕ್ಕೆ ಹೋದ ದಿನ ಅವಳು ಹೊಸ ಸೀರೆ ಉಟ್ಟಿದ್ದಳು. ಅಷ್ಟರಿಂದ, ಒಳಗೆ ಬರುತ್ತಾಳೇನೋ ಅಂತ ನನಗೆ ಆಸೆ ಹುಟ್ಟಿತ್ತು. ದೊಡ್ಡ ಬಾಗಿಲ ತನಕ ಬಂದಳು. ಅಲ್ಲಿ ಚಪ್ಪಲಿ ಬಿಟ್ಟು, ಹೊಸ್ತಿಲಿನ ಈಚೆಯಿಂದಲೇ ಕೈ ಮುಗಿದು, ಪಕ್ಕದ ಕಟ್ಟೆಯ ಮೇಲೆ ಹೂ ಮಾರುವವರ ಜೊತೆ ಕೂತುಬಿಟ್ಟಳು.

"ನೀನು ಹೋಗಿ ಬಾ."

"ಅಕ್ಕ, ಇಷ್ಟು ದೂರ ಬಂದು..."

"ಹೊಳೆ ಮುಂದೆ ನಿಂತು ಆಡಿದ ಮಾತು. ನಿನ್ನ ನೇಮ ಏನೂ ಕೆಟ್ಟಿಲ್ಲಲ್ಲ, ನೀನು ಹೋಗು. ನೋಡಿ ಬಂದು ನನಗೆ ಹೇಳು."

ನಾನು ಹೋದೆ.

ಸಾಲಿನಲ್ಲಿ ನಿಂತೆ. ಒಳಗಿನ ಅರ್ಚಕರೊಬ್ಬರು ನನ್ನ ಹಣೆಯ ವಿಭೂತಿ ನೋಡಿ, ನಮ್ಮ ಮಾತಿನಲ್ಲೇ, ಕರಾವಳಿಯ ಕಡೆಯ ಕನ್ನಡದಲ್ಲಿ ಕೇಳಿದರು, "ಯಾವ ಊರು ನಿಮ್ಮದು?"

ಅಷ್ಟು ದಿನದ ಮೇಲೆ ಅಕ್ಕನನ್ನು ಬಿಟ್ಟು ಬೇರೆಯವರ ಬಾಯಲ್ಲಿ ಕನ್ನಡ. ದಾವಣಗೆರೆ ಅಂದೆ.

"ಅಷ್ಟು ದೂರದಿಂದ ಒಬ್ಬರೇ ಬಂದದ್ದಾ?"

ಅಕ್ಕ ಹೊರಗಿದ್ದಾಳೆ ಅಂದರೆ ಯಾಕೆ ಹೊರಗೆ ಅಂತ ಕೇಳುತ್ತಾರೆ. ಅದಕ್ಕೆ ನಾನು ಏನು ಹೇಳಲಿ?

"ಹೌದ್ರಿ. ಒಬ್ಬನೇ" ಅಂದೆ.

ಅವರು ಪ್ರಸಾದ ಕೊಟ್ಟು ಒಳ್ಳೆಯದಾಗಲಿ ಅಂದರು. ಹೊರಗೆ ಬಂದಾಗ ಅಕ್ಕ ಹೂವಿನವಳಿಗೆ ಮಾಲೆ ಕಟ್ಟಿಕೊಡುತ್ತಿದ್ದಳು. ನನ್ನ ಹಣೆಯ ಗಂಧ ನೋಡಿ ಅವಳ ಮುಖ ಅರಳಿತು. "ಹೆಂಗಿದ್ದ?" ಅಂದಳು. ನಾನು ಸರಿಯಾಗಿ ನೋಡಿಯೇ ಇರಲಿಲ್ಲ. ಬಾಯಿಗೆ ಬಂದದ್ದು ಹೇಳಿದೆ.

ಮತ್ತೆ ಬೀರ್ಗಂಜ್

ಇಳಿಯುವ ದಾರಿಯಲ್ಲಿ ಬ್ರೇಕು ಸುಟ್ಟ ವಾಸನೆ ಮೂಗಿನಿಂದ ಹೋಗುತ್ತಿರಲಿಲ್ಲ. ಬೀರ್ಗಂಜಿನಲ್ಲಿ ಮಾರವಾಡಿ ವರ್ತಕರೊಬ್ಬರ ಗೋದಾಮಿನ ಅಂಗಳದಲ್ಲಿ ವ್ಯಾನು ನಿಲ್ಲಿಸಲು ಜಾಗ ಸಿಕ್ಕಿತು. ಬೆಳಗ್ಗೆ ಪೂಜೆ ಮುಗಿಸಿ ಬಂದು ಅಕ್ಕ ಅಂದಳು, "ಇಲ್ಲಿ ಅಂಗಡಿಯಾಗ ತವರ ಐತೆ, ನೋಡೀನಿ. ಮುಂದಿನ ದಾರಿ ಉದ್ದ ಐತೆ. ಎಲ್ಲಿ ಬಿಟ್ಟೈತೆ ತೋರ್ಸು, ನಾನು ಬ್ಯಾಟರಿ ಹಿಡಿತೀನಿ."

ಮಂಚದ ಹಲಗೆ ಎತ್ತಿದೆ. ನನ್ನ ಕೈಯಲ್ಲಿ ಉಳಿ ಇತ್ತು. ಅವಳು ಬ್ಯಾಟರಿ ತರಲು ಆ ಕಡೆ ತಿರುಗಿದಾಗ ಉಳಿಯ ತುದಿಯನ್ನು ತೊಟ್ಟಿಯ ಮೂಲೆಗೆ ಇಟ್ಟೆ. ಒಂದು ಏಟು ಹಾಕಿದ್ದರೆ ತೂತು. ಆ ತೂತಿಗೆ ಬೆಸುಗೆ ಹಾಕಿ ಮುಗಿಸಬಹುದಿತ್ತು. ಸುತ್ತಿಗೆ ಎತ್ತಿದೆ. ಚಂದ ಮಾಡೀಯ ಅಂದಿದ್ದಳಲ್ಲ, ಆ ಅಂಚು ಅದು. ಕೈ ಕೆಳಗೆ ಬರಲಿಲ್ಲ.

"ಎಲ್ಲೂ ಬಿಟ್ಟಿಲ್ಲಕ್ಕ" ಅಂದೆ.

"ಮತ್ತೆ ನೀರು?"

"ನಾನೇ ಬಿಚ್ಚಿ ಬಿಟ್ಟೆ. ಘಾಟಿ ಕೆಳಗೆ. ನೀನು ಸೊಪ್ಪು ತರಾಕೆ ಹೋದಾಗ."

ಅವಳು ಬ್ಯಾಟರಿ ಆರಿಸಿದಳು. "ಇಂಜಿನ್ನು ಎಳೀತಿರಲಿಲ್ಲೇನು?" ಅಂದಳು, ನನಗೆ ದಾರಿ ಮಾಡಿಕೊಡುವ ಹಾಗೆ. ಹೌದು ಅಂದಿದ್ದರೆ ಬಹುಶಃ ಅಲ್ಲಿಗೆ ಮುಗಿಯುತ್ತಿತ್ತು.

"ಎಳೀತಿತ್ತು. ನನಗೆ ನೀರು ಹೊತ್ತು ಹೊತ್ತು ಸಾಕಾಗಿತ್ತು."

ಗೋದಾಮಿನಲ್ಲಿ ಯಾರೋ ಮೂಟೆ ಇಳಿಸುತ್ತಿದ್ದರು. ಅಕ್ಕ ಬ್ಯಾಟರಿಯನ್ನು ಕೆಳಗಿಟ್ಟಳು. ಆಮೇಲೆ ಗೂಡಿನಿಂದ ಪೂಜೆಯ ಸಾಮಾನು ತೆಗೆದು ಒಂದು ಬಟ್ಟೆಯಲ್ಲಿ ಕಟ್ಟಿದಳು.

"ಹಂಗಾದ್ರೆ ನೇಮ ಕೆಡಿಸಿದ್ದು ನಾನಲ್ಲ. ನಾನು ಒಳಗೆ ಹೋಗಬಹುದು."

"ವ್ಯಾನು ತಿರುಗಿಸ್ತೀನಿ ಅಕ್ಕ, ಈಗಲೇ."

"ನಿನ್ನ ವ್ಯಾನು ಬ್ಯಾಡ. ಈ ವರ್ತಕರ ತಾಯಿ ನಾಳೆ ಬಸ್ಸಿನಾಗ ಪಶುಪತಿಗೆ ಹೊರಟಾರಂತೆ, ಸನ್ನೆ ಮಾಡಿ ಹೇಳಿದ್ರು. ಅವರ ಜೊತೆ ಹೋಗ್ತೀನಿ. ನೀನು ಇಲ್ಲೇ ಇರು."

ಹರಿಹರದ ಸಂತೆಗೂ ಒಬ್ಬಳೇ ಹೋಗಿ ಗೊತ್ತಿಲ್ಲದವಳು, ಕನ್ನಡ ಬಿಟ್ಟು ಇನ್ನೊಂದು ಮಾತು ಬಾರದವಳು, ಗಂಟು ಹಿಡಿದು ಪರದೇಶದ ಬಸ್ಸು ಹತ್ತಿ ಹೋದಳು. ಕಿಟಕಿಯಿಂದ ಕೈ ಬೀಸಲಿಲ್ಲ.

ಅವಳು ಬರುವ ತನಕ ನಾನು ಅಕ್ಕನ ಮಂಚದ ಮೇಲೆ ಮಲಗಿದೆ. ಅದೇ ಮೊದಲು. ತೊಟ್ಟಿಯ ಮಡಚಿದ ಅಂಚು ಹಲಗೆಯ ಸಂದಿಯಿಂದ ಸೊಂಟಕ್ಕೆ ಒತ್ತುತ್ತಿತ್ತು. ಬೆಳಗಿನ ಜಾವ ನನ್ನ ಉಸಿರೇ ಚಾವಣಿಯ ತಗಡಿಗೆ ತಾಗಿ, ನೀರಾಗಿ, ಒಂದೊಂದೇ ಹನಿ ಹಣೆಯ ಮೇಲೆ ಬಿದ್ದಿತು. ಮಗ್ಗುಲು ಬದಲಿಸಿದರೆ ಸ್ಟೋವಿನ ಕಟ್ಟೆ ಮೊಣಕೈಗೆ ತಾಗುತ್ತಿತ್ತು. ಇದರಲ್ಲಿ ದಾವಣಗೆರೆಯಿಂದ ಇಲ್ಲಿಯ ತನಕ ಮಲಗಿದ್ದಳು, ಒಂದು ಮಾತೂ ಆಡದೆ. ನಾನು ಅಂಚನ್ನು ಬಡಿದು ಒಳಕ್ಕೆ ಮಡಚಿದೆ. ಚಾವಣಿಗೆ ಗೋಣಿ ಹೊಡೆದೆ. ಮಾಡಲು ಬೇರೆ ಕೆಲಸ ಇರಲಿಲ್ಲ. ಘಾಟಿಯಿಂದ ಇಳಿದು ಬರುವ ಬಸ್ಸಿನ ಸದ್ದು ಕೇಳಿದಾಗಲೆಲ್ಲ ರಸ್ತೆಗೆ ಹೋಗಿ ನಿಲ್ಲುತ್ತಿದ್ದೆ.

ಕೊನೆಗೆ ಒಂದು ಮಧ್ಯಾಹ್ನ ಬಂದಳು. ಕಾಲು ಊದಿತ್ತು, ಮುಖ ಬಿಸಿಲಿಗೆ ಕಪ್ಪಾಗಿತ್ತು. ವರ್ತಕರ ತಾಯಿ ಅವಳ ಭುಜ ಹಿಡಿದು ಇಳಿಸಿ, ಇಬ್ಬರೂ ತಮ್ಮತಮ್ಮ ಭಾಷೆಯಲ್ಲಿ ಏನೇನೋ ಹೇಳಿಕೊಂಡು ನಕ್ಕರು. ಆ ನಗು ನನ್ನ ಹತ್ತಿರ ಬರುವ ಹೊತ್ತಿಗೆ ಆರಿತು.

"ದರ್ಶನ ಆತೇನಕ್ಕ?"

"ಆತು." ಮಂಚದ ಮೇಲೆ ಕೂತು ಕಾಲು ನೀವಿಕೊಂಡಳು. "ದಾರಿಯಾಗ ಗುಡ್ಡ ಜರಿದು ಬಸ್ಸು ನಿಂತುಬಿಡ್ತು. ಒಂದು ಹಗಲು ಮೈ ತೊಳೆಯಾಕೆ ಆಗಲಿಲ್ಲ. ಆಯಮ್ಮ ಕೊಟ್ಟ ರೊಟ್ಟಿ ಹಂಗೇ ತಿಂದೆ. ಹಂಗೇ ಒಳಗೆ ಹೋದೆ. ಅವನೇನೂ ಬ್ಯಾಡ ಅನ್ನಲಿಲ್ಲ."

ನನ್ನ ಎದೆಯಿಂದ ಏನೋ ಇಳಿದಂತಾಯಿತು. "ಹಂಗಾದ್ರೆ..." ಅಂತ ಬಾಯಿ ತೆಗೆದೆ.

"ನೀರಿಂದು ಬಿಡು" ಅಂದಳು. "ಯಾರಿಗಾದ್ರೂ ಸಾಕಾಗ್ತದೆ. ನನಗೂ ಒಂದೊಂದು ದಿನ ನಿನ್ನ ಎತ್ತಿ ಎತ್ತಿ ಸಾಕಾಗಿತ್ತು." ಇನ್ನೊಂದು ಕಾಲು ನೀವತೊಡಗಿದಳು. "ಅಲ್ಲಿ ನಮ್ಮ ಮಾತು ಆಡೋ ಸ್ವಾಮಿಗಳು ಅದಾರೆ. ಯಾವೂರಮ್ಮಾ ಅಂದ್ರು. ದಾವಣಗೆರೆ ಅಂದೆ. ಮೊನ್ನೆ ನಿಮ್ಮೂರಿನವರೊಬ್ಬರು ಬಂದಿದ್ರು, ಪಾಪ, ಅಷ್ಟು ದೂರದಿಂದ ಒಬ್ಬರೇ ಬಂದದ್ದಂತೆ ಅಂದ್ರು."

ನಾನು ನೆಲ ನೋಡಿದೆ.

"ನಾನು ಹೊರಗೆ ಹೂ ಕಟ್ಕೊಂಡು ಕುಂತಿದ್ದೆ, ರುದ್ರಾ."

ಅಷ್ಟೇ ಅಂದಳು. ಆಮೇಲೆ ಸ್ಟೋವು ಹಚ್ಚಿ ಇಬ್ಬರಿಗೂ ಅಡಿಗೆ ಮಾಡಿದಳು. ಬಡಿಸಿದಳು. ಉಂಡೆವು.

ಮರುದಿನ ಗಡಿಯಲ್ಲಿ ಬೇರೆ ಸಿಪಾಯಿ ಇದ್ದ. ವ್ಯಾನಿನ ಕಿಟಕಿಗೆ ಬಗ್ಗಿ, ಎಷ್ಟು ಜನ ಅಂತ ಕೇಳಿದ.

ಇಬ್ಬರು ಅಂದೆ. ಅವನು ಕೇಳದಿದ್ದರೂ, ಇವರು ನಮ್ಮ ಅಕ್ಕ, ಇವರನ್ನು ಕರಕೊಂಡು ಬಂದಿದ್ದೆ ಅಂತ ಅವನ ಮಾತಿನಲ್ಲೂ ನನ್ನ ಮಾತಿನಲ್ಲೂ ಎರಡೆರಡು ಸಲ ಹೇಳಿದೆ. ಅವನು ಸರಿ ಸರಿ ಅಂತ ಕೈ ಬೀಸಿ ಬಿಟ್ಟ. ಪಕ್ಕದಲ್ಲಿ ಅಕ್ಕ ಆ ಕಡೆಯ ಕಿಟಕಿಯಿಂದ ರಸ್ತೆ ನೋಡುತ್ತಿದ್ದಳು.